ಳ ಇಲ್ಲದ ತುಳಸಿ

ಎಲ್ಲಾರೂ ಕೇಳ್ಳಿಕ್ಕತ್ತೀರಿ, "ವೈನಿ, ಜಪಾನದಾಗ ಏನೇನ್ ನೋಡಿ ಬಂದ್ರಿ?" ಅಂತ. ಖರೇ ಹೇಳ್ತೇನಿ, ಮಗಳ ಬಾಣಂತನಕ್ಕ ಹೋದಾಕಿ ನಾ ನೋಡಿದ್ದು ಅಡಗಿಮನಿ, ಕೂಸಿನ ದುಪ್ಪಟಿ, ಮತ್ತ ಒಂದು ಸರಕಾರಿ ಫಾರ್ಮ್. ಆ ಫಾರ್ಮಿಂದ ಕಥಿ ಹೇಳ್ತೇನಿ ಕೇಳ್ರಿ.

ಯೋಕೋಹಾಮಾದಾಗ ಹೆಣ್ಣ ಕೂಸು ಹುಟ್ತು. ನಮ್ಮಲ್ಲಿ 13ನೇ ದಿವಸ ತೊಟ್ಟಲದಾಗ ಹಾಕೋದು. ಅಲ್ಲಿ 14 ದಿವಸದೊಳಗ ಹೆಸರು ಬರದು ಕಚೇರಿಗೆ ಕೊಡಬೇಕು. ಹೆಸರೇನೋ ಗಟ್ಟಿಯಾಗಿತ್ತು, ತುಳಸಿ. ನಮ್ಮ ಅತ್ತಿಯವರ ಹೆಸರು.

ಅತ್ತಿಯವರು ಸಾಲಿಗೆ ಹೋದವರಲ್ಲ. ಮಾವನವರು ಹೋದ ಮ್ಯಾಲೆ, ಪೆನ್ಶನ್ ತಗೊಳ್ಳಲಿಕ್ಕೆ ಹೆಬ್ಬಟ್ಟು ಒತ್ತೂದು ನಾಚಿಕಿ ಆಗ್ತದ ಅಂತ ನನ್ನ ಕಡೆ ಸಹಿ ಕಲತ್ರು. ತು ಬಂತು, ಸಾ ಬಂತು, ಳ ಮಾತ್ರ ಬರವಲ್ತು. ಹಿಟ್ಟಿನ ಪರಾತದಾಗ ಬೆರಳಲೆ ತಿದ್ದಿ ತಿದ್ದಿ ಅಂತೂ ಕಲತ್ರು. ಆಮ್ಯಾಲೆ ಯಾರರೆ "ತುಲಸಾಬಾಯಿ" ಅಂದ್ರ ಬಿಡತಿದ್ದಿಲ್ಲ, "ಲ ಅಲ್ರೀ, ಳ" ಅಂತಿದ್ರು.

ಜಪಾನದಾಗ ಪರದೇಶದವರ ಹೆಸರು ಕತಾಕಾನಾ ಅನ್ನೋ ಲಿಪಿಯೊಳಗ ಬರೀತಾರ. ಮೂಲ ಅಕ್ಷರ 46. ಅ ಇ ಉ ಎ ಒ, ಆಮ್ಯಾಲೆ ಕ ಸ ತ ನ ಅಂತ ಸಾಲು ಹೇಳಿದ್ರ ನಮ್ಮ ವರ್ಣಮಾಲಿ ಕೇಳಿಧಂಗ ಆಗ್ತದ. ಆಗಿನ ಬೌದ್ಧ ಸನ್ಯಾಸಿಗಳು ಸಂಸ್ಕೃತ ಅಕ್ಷರ ಕಲತದ್ದರಿಂದ ಈ ಸಾಲು ಬಂದದ. ಆದ್ರ ಅದರಾಗ ಲ ಇಲ್ಲ, ಳ ಇಲ್ಲ, ಎರಡಕ್ಕೂ ರ. "ತು" ಇರೋ ಜಾಗಾದಾಗ "ತ್ಸು", "ಸಿ" ಜಾಗಾದಾಗ "ಶಿ". ಅಳಿಯಂದಿರು ಬರದು ಓದಿದ್ರು: ತ್ಸುರಶಿ.

ಮಗಳು ಅದನ್ನ ಬಾಜೂಮನಿ ಅಜ್ಜಿಗೆ ತೋರಿಸಿದ್ಲು. ಪಾಪ, ಆ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನ ಕೂತ್ರು. ಆಮ್ಯಾಲೆ ಮೆಲ್ಲಕ ಹೇಳಿದ್ರು, ಅವರ ಹಳೇ ಭಾಷಾದಾಗ ಅದರ ಅರ್ಥ "ತಡಕೊಳ್ಳಲಾರದ ಕಷ್ಟ" ಅಂತ. ನನ್ನ ಎದಿ ಧಸಕ್ ಅಂತು. ಕೂಸಿನ ಹೆಸರು ಹಂಗ ಬರಸೋದ?

ಅಜ್ಜಿನ ದಾರಿ ತೋರಿಸಿದ್ರು. "ತೊ" ಬರದು ಅದರ ಬಾಜೂಕ ಸಣ್ಣ "ಉ" ಬರದ್ರ "ತು" ಆಗ್ತದ. ಪರದೇಶದ ಶಬ್ದಕ್ಕ ಹಂಗ ಬರೀತಾರ. ತಮ್ಮ ಮನಿಯಿಂದ ತುಳಸಿ ಚಹಾದ ಪಾಕೀಟನ್ನೂ ತಂದ್ರು. ಅದರ ಮ್ಯಾಲೆ "ತುರುಶೀ" ಅಂತಿತ್ತು, ಕಡೀಕ ಒಂದು ಗೆರಿ, ಅದು ದೀರ್ಘ. "ಇದು ಇಲ್ಲಿ ಗೊತ್ತಿದ್ದ ಶಬ್ದ, ಇದನ್ನ ಬರೆಯೋಣ" ಅಂದ್ರು ಅಳಿಯಂದಿರು. ನಾ ಬ್ಯಾಡ ಅಂದೆ. ಅದು ಹಿಂದಿಯವರ ತುಲ್ಸೀ. ಳ ಅಂತೂ ಹೋತು, ಅದರೊಳಗಿನ ಅ ಅರೆ ಉಳೀಲಿ. ಕಡೀಕ "ತುರಶಿ" ಅಂತ ಆತು. ಮಗಳು ನಕ್ಕಳು, "ಅವ್ವಾ, ನಮ್ಮೂರಾಗ ಇದನ್ನ ಕೇಳಿದ್ರ ಮೈ ತುರಸ್ತದ ಅಂತಾರ!"

ನಾ ನಗಲಿಲ್ಲ. ಅತ್ತಿಯವರಿಗೆ ಮೋಸಾ ಮಾಡಿಧಂಗ ಅನಸಿತ್ತು. ಆಕಿನ ಪಾಸ್‌ಪೋರ್ಟ್ ತಂದು ಮುಂದಿಟ್ಲು. "ಇಂಗ್ಲೀಷಿನ್ಯಾಗರೆ ಳ ಎಲ್ಲ್ಯದ? ನಮ್ಮ ಅಡ್ಡಹೆಸರಿನ್ಯಾಗಿನ ಳ ನನ್ನ ಸಾಲೀ ಸರ್ಟಿಫಿಕೇಟಿನ್ಯಾಗ ಹೋದಾಗ ನೀ ಏನೂ ಅನ್ಲಿಲ್ಲಲ್ಲ?" ಖರೇ ಮಾತು. ಇಂಗ್ಲೀಷಿನವರಿಗೆ ಬಿಟ್ಟುಕೊಟ್ಟಾಕಿ ಜಪಾನಿನವರ ಜೋಡಿ ಜಗಳಕ್ಕ ನಿಂತಿದ್ದೆ.

13ನೇ ದಿವಸ ತಾಟಿನ್ಯಾಗ ಅಕ್ಕಿ ಹರವಿ, ಉಂಗುರಲೆ ಅಳಿಯಂದಿರು ಹೆಸರು ಬರದ್ರು. ಹೊರಗ ಬೆಳದವರು, ಳ-ದ ಸುತ್ತು ತಪ್ತು. ಬಾಜೂ ನಿಂತು ತಿದ್ದಿಸಿದೆ. ಕಿವ್ಯಾಗ "ತುಳಸೀ" ಅಂದಾಗ ಕೂಸು ಆಕಳಿಸ್ತು. ಮರುದಿವಸ ಫಾರ್ಮ್ ಕೊಟ್ಟು ಬಂದ್ವಿ.

ಈಗ ವಿಡಿಯೋದಾಗ ನೋಡ್ತೇನಿ, ಬಾಜೂಮನಿ ಅಜ್ಜಿ "ತುರಶಿ-ಚಾನ್" ಅಂತ ಕರದ್ರ ಕೂಸು ಬಾಯ್ತುಂಬ ನಗ್ತದ. ನಾ ತಿದ್ದಲಿಕ್ಕೆ ಹೋಗೂದಿಲ್ಲ. ಆದ್ರ ಮುಂದಿನ ಸಲ ಹೋದಾಗ ಒಂದು ಪರಾತ ಒಯ್ಯಾಕಿ ಇದ್ದೇನಿ. ಹಿಟ್ಟು ಅಲ್ಲೇ ಸಿಗ್ತದ.