ತ್ರೈರಾಶಿಕವೂ ಬಾಡಿಗೆಯ ಲೆಕ್ಕವೂ

ಗೃಹಸ್ಥನ ನಿತ್ಯವ್ಯವಹಾರಕ್ಕೆ ತ್ರೈರಾಶಿಕದಷ್ಟು ಉಪಕಾರಿಯಾದ ಗಣಿತವು ಮತ್ತೊಂದಿಲ್ಲ. ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ಲೀಲಾವತಿಯಲ್ಲಿ ಪ್ರಮಾಣ, ಫಲ, ಇಚ್ಛೆಯೆಂಬ ಮೂರು ರಾಶಿಗಳನ್ನು ಹೇಳಿ, ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಬೇಕೆಂದು ವಿಧಿಸಿದ್ದಾರೆ. ಅದಕ್ಕೂ ಸುಮಾರು 300 ವರ್ಷಗಳ ಹಿಂದೆ, ನಮ್ಮ ನೆರೆಯ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಇದನ್ನೇ ವಿಸ್ತರಿಸಿದ್ದರು. ಬೀದರ ನಗರದಲ್ಲಿ ಬಹುಕಾಲ ಪಾಠ ಹೇಳಿದ ನಾವು ಈ ಸೂತ್ರದೊಡನೆ ಅದರ ಮೇರೆಯನ್ನೂ ಮಕ್ಕಳಿಗೆ ತಿಳಿಸುತ್ತಿದ್ದೆವು. ಮೇರೆ ಯಾವುದೆಂದರೆ ಹೇಳುವೆವು.

ಔರಾದ ಕಡೆಯ ರೈತನೊಬ್ಬನು, ನಮ್ಮ ಹಳೆಯ ವಿದ್ಯಾರ್ಥಿ, ತೊಗರಿಯನ್ನು ಭಾಲ್ಕಿಯ ಪೇಟೆಗೆ ಸಾಗಿಸುವುದರಲ್ಲಿದ್ದನು. ಮಗಳ ಕಾಲೇಜಿನ ಶುಲ್ಕವು ಆ ಮಾರಾಟದಿಂದಲೇ ಒದಗಬೇಕಾಗಿದ್ದಿತು. ಟೆಂಪೊದವನು ಹಿಂದೆ 10 ಚೀಲಕ್ಕೆ 700 ರೂಪಾಯಿಗಳನ್ನೂ, 15 ಚೀಲಕ್ಕೆ 850ನ್ನೂ ಪಡೆದಿದ್ದನು. ಈಗ 20 ಚೀಲಕ್ಕೆ, ಹತ್ತರ ಇಮ್ಮಡಿಯೆಂದು, 1,400 ಕೇಳಿದನಂತೆ.

“ಗುರುಗಳೇ, ಲೆಕ್ಕವು ಸರಿಯೆಂದೇ ತೋರುತ್ತದೆ, ಆದರೆ ಮನಸ್ಸು ಒಪ್ಪದು” ಎಂದನು.

“ಅಪ್ಪಾ, 5 ಚೀಲ ಹೆಚ್ಚಿದಾಗ 150 ರೂಪಾಯಿ ಹೆಚ್ಚಿತು. ಎಂದರೆ ಚೀಲವೊಂದಕ್ಕೆ 30. ಹತ್ತು ಚೀಲಕ್ಕೆ 300 ಆಯಿತು. ಮಿಕ್ಕ 400 ಏತಕ್ಕೆ? ಗಾಡಿ ಹೊರಡಿಸಿದ್ದಕ್ಕೆ. ಅದು ಒಂದು ಸಾರಿಗೆ ಒಮ್ಮೆಯೇ ಸಲ್ಲತಕ್ಕದ್ದು. ಆದಕಾರಣ 20 ಚೀಲಕ್ಕೆ 400ಕ್ಕೆ 600 ಕೂಡಿಸಿ 1,000 ಮಾತ್ರ” ಎಂದೆವು. ಟೆಂಪೊದವನೂ ಇದನ್ನು ಕೇಳಿ ಒಪ್ಪಿದನು. 400 ರೂಪಾಯಿ ಆ ಮನೆಯಲ್ಲಿಯೇ ಉಳಿಯಿತು.

ಇಂತಹ ಸಂಬಂಧವನ್ನು ಈಗಿನವರು ರೇಖಾತ್ಮಕವೆನ್ನುವರು. ಚೌಕುಳಿ ಕಾಗದದ ಮೇಲೆ ಚೀಲಗಳನ್ನು ಅಡ್ಡಲಾಗಿಯೂ ಹಣವನ್ನು ಮೇಲ್ಮುಖವಾಗಿಯೂ ಗುರುತಿಸಿದರೆ ಬಿಂದುಗಳೆಲ್ಲವೂ ಒಂದೇ ಸರಳರೇಖೆಯಲ್ಲಿ ನಿಲ್ಲುವುವು. ಆ ರೇಖೆಯು ಸೊನ್ನೆಯಿಂದ ಹೊರಟರೆ ತ್ರೈರಾಶಿಕವು ಹಾಗೆಯೇ ಸಲ್ಲುವುದು. 400ರಿಂದ ಹೊರಟರೆ ಮೊದಲು ಆ ಸ್ಥಿರಭಾಗವನ್ನು ಕಳೆದು, ಉಳಿದುದಕ್ಕೆ ಮಾತ್ರ ಸೂತ್ರವನ್ನು ಹಚ್ಚಬೇಕು. ಚೀಲಗಳು ಹೆಚ್ಚಿ ಎರಡನೆಯ ಗಾಡಿ ಬೇಕಾದರೆ ಮತ್ತೊಂದು 400 ಸೇರುವುದರಿಂದ ರೇಖೆ ಅಲ್ಲಿಗೇ ಕಡಿಯುವುದು.

ಸಾಲದಲ್ಲಿಯೂ ಇದೇ ವಿವೇಕವಿರಲಿ. 10,000 ರೂಪಾಯಿಗೆ ತಿಂಗಳಿಗೆ ನೂರಕ್ಕೆ 2ರಂತೆ ಸರಳಬಡ್ಡಿಯಾದರೆ, ವರ್ಷಾಂತ್ಯಕ್ಕೆ ಋಣವು 12,400. ಪ್ರತಿ ತಿಂಗಳೂ 200ರಂತೆಯೇ ಏರುವುದು. ಚಕ್ರಬಡ್ಡಿಯಾದರೋ ರೇಖೆ ಬಾಗಿ ಮೇಲೇರಿ, ವರ್ಷಕ್ಕೆ 12,682 ಆಗುವುದು. ಅಲ್ಲಿ ತ್ರೈರಾಶಿಕವು ನಡೆಯದು.

ಆದುದರಿಂದ ಗೃಹಸ್ಥರು ಯಾವ ದರವನ್ನು ಒಪ್ಪುವ ಮುನ್ನವೂ ಎರಡು ಪ್ರಶ್ನೆಗಳನ್ನು ಕೇಳಬೇಕು: ಏನನ್ನೂ ಹೇರದಿದ್ದರೂ ಕೊಡಬೇಕಾದುದೆಷ್ಟು? ಒಂದೊಂದು ಹೆಚ್ಚಿದಾಗ ಏರುವುದೆಷ್ಟು? ಇವೆರಡರ ಉತ್ತರವು ಕೈಯಲ್ಲಿದ್ದರೆ ಉಳಿದುದನ್ನು ಮನೆಯ ಮಕ್ಕಳೇ ಲೆಕ್ಕಹಾಕಿ ಹೇಳಬಲ್ಲರು.