ಮಣಕದ ಪ್ರಾಯ

ಅರಸೀಕೆರೆಯಿಂದ ಹಾಸನಕ್ಕೆ ಹೋಗುವ ದಾರಿಯ ಹಾರನಹಳ್ಳಿಯಂತಹ ಊರಿನಲ್ಲಿ ಮಣಕವೊಂದು ಬೆದೆಗೆ ಬರುವುದೆಂದರೆ ಮನೆಯ ಆದಾಯದ ಲೆಕ್ಕವೇ ಬದಲಾಗುವ ಸಂಗತಿ. ನಾಟಿ ಮಣಕಕ್ಕೆ ಸಾಮಾನ್ಯವಾಗಿ ಎರಡೂವರೆ, ಮೂರು ವರ್ಷ ಬೇಕು. ಮಿಶ್ರತಳಿಗೆ ಅಷ್ಟು ಬೇಡ. ಮಳೆ ಕೈಕೊಟ್ಟು ಮೇವು ಕುಗ್ಗಿದರೆ ಈ ಕಾಲ ಇನ್ನೂ ಮುಂದಕ್ಕೆ ಹೋಗುತ್ತದೆ. ಕಾದು ಬೇಸತ್ತವರಿಗೆ, ಮೈ ತುಂಬಿಸುವ ಸೂಜಿಯೊಂದನ್ನು ಹಾಕಿಸಬಾರದೇಕೆ ಎಂದು ತೋರುವುದು ಸಹಜ. ಆದರೆ ಮೈ ತುಂಬುವುದು ಬೇರೆ, ಪ್ರಾಯಕ್ಕೆ ಬರುವುದು ಬೇರೆ.

ಗಂಡುಕರುವಿನೊಡನೆ ಅವಳಿಯಾಗಿ ಹುಟ್ಟಿದ ಹೆಣ್ಣುಕರು 100ಕ್ಕೆ 90ಕ್ಕೂ ಹೆಚ್ಚು ಪಾಲು ಗೊಡ್ಡಾಗುತ್ತದೆ. ಗರ್ಭದಲ್ಲಿ ಎರಡರ ರಕ್ತನಾಳಗಳು ಕೂಡಿಕೊಂಡು, ಗಂಡಿನ ಹಾರ್ಮೋನುಗಳು ಹೆಣ್ಣಿನ ಮೈಗೆ ಹರಿಯುವುದೇ ಇದಕ್ಕೆ ಕಾರಣ. ಪ್ರಕೃತಿಯಲ್ಲಿ ಅಪರೂಪಕ್ಕೆ ಆಗುವ ಇಂತಹ ಅನಾಹುತಕ್ಕೆ ಹತ್ತಿರದ್ದನ್ನು ಮನುಷ್ಯನು ಔಷಧದಿಂದ ಮಾಡಬಲ್ಲನು. ಅನಬಾಲಿಕ್ ಸ್ಟೀರಾಯ್ಡುಗಳು ಪುರುಷ ಹಾರ್ಮೋನಿನ ಬಂಧುಗಳು. ಅವು ರಕ್ತದಲ್ಲಿ ತುಂಬಿದಾಗ ಮಿದುಳು ಅಂಡಾಶಯಕ್ಕೆ ಕಳುಹಿಸಬೇಕಾದ ಸಂಕೇತ ಕುಗ್ಗುತ್ತದೆ; ಅಂಡ ಪಕ್ವವಾಗುವುದಿಲ್ಲ. ಟ್ರೆನ್‌ಬೊಲೋನ್ ಪಡೆದ ಎಳೆಯ ಮಣಕಗಳಲ್ಲಿ ಮಾಂಸ ಬೆಳೆದರೂ ಬೆದೆ ತಡವಾಯಿತು, ಜನನಾಂಗದಲ್ಲಿ ಗಂಡಿನ ಚಹರೆ ಕಾಣಿಸಿತು. ಸ್ಟಾನೊಜೊಲಾಲ್ ಕೊಟ್ಟ ಹೆಣ್ಣು ಇಲಿಗಳಲ್ಲಿ ಕಂಡದ್ದು ಇನ್ನೂ ವಿಚಿತ್ರ: ಪ್ರಾಯದ ಹೊರಗುರುತು ಅವಧಿಗೆ ಮೊದಲೇ ಮೂಡಿತು, ಒಳಗಿನ ಋತುಚಕ್ರ ಮಾತ್ರ ತಡವಾಗಿ, ಕ್ರಮತಪ್ಪಿ ನಡೆಯಿತು.

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಛೇದವೆಂದರೆ ಅಂಗವನ್ನು ಕತ್ತರಿಸುವುದು. ಕತ್ತಿಯಿಲ್ಲದೆ, ರಕ್ತ ಬೀಳದೆ, ಅಂಗದ ಕೆಲಸವನ್ನೇ ನಿಲ್ಲಿಸುವುದನ್ನು ಛೇದವಲ್ಲ ಎನ್ನುವುದು ಕಷ್ಟ. ಈ ತಿಳಿವಳಿಕೆ ಬಂದದ್ದೂ ಪಂಜರದ ಇಲಿಗಳಿಂದ, ಅಂದರೆ ಬಂಧದಿಂದ, ಎಂಬುದು ಮನಸ್ಸಿಗೆ ಚುಚ್ಚುವ ಮಾತು.

ಮಾಂಸಕ್ಕಾಗಿ ದನವನ್ನು ಹೀಗೆ ಬೆಳೆಸುವ ರೂಢಿ ಅಮೆರಿಕದ್ದು. ಯುರೋಪಿನ ರಾಷ್ಟ್ರಗಳು 1989ರಿಂದ ಅಂತಹ ಮಾಂಸದ ಆಮದನ್ನು ತಡೆದವು. ವ್ಯಾಜ್ಯ ವಿಶ್ವ ವಾಣಿಜ್ಯ ಸಂಸ್ಥೆಯವರೆಗೂ ಹೋಯಿತು. ಅಲ್ಲಿ ವಾದವೆಲ್ಲ ತಿನ್ನುವವರ ಆರೋಗ್ಯದ ಸುತ್ತಲೇ ನಡೆಯಿತು. ಮಣಕಕ್ಕೆ ಏನಾಯಿತೆಂಬುದು ಮೊಕದ್ದಮೆಯ ವಿಷಯವಾಗಲಿಲ್ಲ.

ಮಾಂಸ ಮುಟ್ಟದ ಮನೆಗಳು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಕೂರಬಹುದೇ? ಅಭಿಷೇಕದ ಹಾಲೂ ಯಾವುದೋ ಒಂದು ಮಣಕ ಪ್ರಾಯಕ್ಕೆ ಬಂದು ಕರು ಹಾಕಿದ್ದರ ಫಲವೇ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ 1960ರ ಕಾಯ್ದೆಯ 12ನೆಯ ಕಲಮು, ಹಾಲು ಹೆಚ್ಚಿಸಲೆಂದು ಹಸುವಿನ ಆರೋಗ್ಯ ಕೆಡಿಸುವ ಚುಚ್ಚುಮದ್ದು ಕೊಡುವುದನ್ನು ಅಪರಾಧವೆನ್ನುತ್ತದೆ. ಬೆಳವಣಿಗೆಗೆಂದು ಮಣಕಕ್ಕೆ ಕೊಡುವ ಸೂಜಿಯ ಮಾತು ಆ ಕಲಮಿನಲ್ಲಿಲ್ಲ. ತಡವಾದ ಮಣಕಕ್ಕೆ ಪಶುವೈದ್ಯರು ಮೊದಲು ಹೇಳುವುದು ಹಸಿಮೇವು, ಹಿಂಡಿ, ಖನಿಜ ಮಿಶ್ರಣ, ಜಂತಿನ ಔಷಧ. ಆಮೇಲೆ ಗರ್ಭಕೋಶದ ತಪಾಸಣೆ. ಬಸದಿಗೆ ಹಾಲು ಕೊಳ್ಳುವ ಟ್ರಸ್ಟಿನವರು ದರ ಮತ್ತು ಕೊಬ್ಬಿನಂಶದ ಜೊತೆಗೆ ಇದನ್ನೂ ಒಮ್ಮೆ ವಿಚಾರಿಸಬಹುದು: ಆ ಕೊಟ್ಟಿಗೆಯಲ್ಲಿ ಕರುಗಳಿಗೆ ಏನು ಹಾಕಿ ಬೆಳೆಸುತ್ತಾರೆ, ಗೊಡ್ಡಾದದ್ದು ಎಲ್ಲಿಗೆ ಹೋಗುತ್ತದೆ.