ಗಾಣದ ಒಲೆಯ ಮುಂದೆ

2008ರ ಫೆಬ್ರವರಿ ಕೊನೆಯ ಮಾತು. ಹೊಲದಲ್ಲಿ ಆ ಹಂಗಾಮಿನ ಕಡೇ ಬೆಲ್ಲದ ಕೊಪ್ಪರಿಗೆ ಕುದಿಯುತ್ತಿತ್ತು. ಕಾಕಾ ಒಲೆಗೆ ಕಬ್ಬಿನ ರವದಿ ದೂಡುತ್ತ ಕೂತಿದ್ದ. ನಾನು ಸಾಲಿ ಮಾಸ್ತರ, ಚುನಾವಣೆ ಕೆಲಸ ತಪ್ಪಿದ್ದಲ್ಲ. ನಾನು ಕೂಡ್ರುವ ಮೊದಲೇ ಕಾಕಾ ಕೇಳಿದ:

“ತಮ್ಮಾ, ನಮ್ಮ ಸದಲಗಾ ಎಲ್ಲಿ ಹೋತೋ?”

ಊರು ದೂಧಗಂಗಾ ದಂಡೆಯಲ್ಲೇ ಇತ್ತು. ಹೋದದ್ದು ಸದಲಗಾ ಎಂಬ ಮತಕ್ಷೇತ್ರ. ಪುನರ್ವಿಂಗಡಣೆ ಆದೇಶ ಫೆಬ್ರವರಿ 19ರಂದು ಜಾರಿಗೆ ಬಂದಿತ್ತು. ಚಿಕ್ಕೋಡಿ, ಸದಲಗಾ ಎಂದು ಎರಡಿದ್ದವು ಒಂದಾಗಿ ‘ಚಿಕ್ಕೋಡಿ-ಸದಲಗಾ’ ಆಗಿತ್ತು. ರಾಯಬಾಗ ತಾಲ್ಲೂಕಿನಲ್ಲಿ ಕುಡಚಿ ಎಂಬ ಹೊಸ ಕ್ಷೇತ್ರ ಹುಟ್ಟಿ, ರಾಯಬಾಗ, ಕುಡಚಿ ಎರಡೂ ಪರಿಶಿಷ್ಟ ಜಾತಿಗೆ ಮೀಸಲಾದವು. 1967ರಿಂದ ಬಿ. ಶಂಕರಾನಂದರನ್ನು ಏಳು ಸಲ ದಿಲ್ಲಿಗೆ ಕಳಿಸಿದ್ದ ನಮ್ಮ ಚಿಕ್ಕೋಡಿ ಮೀಸಲು ಲೋಕಸಭಾ ಕ್ಷೇತ್ರ ಸಾಮಾನ್ಯ ಕ್ಷೇತ್ರವಾಯಿತು. ಮೀಸಲಾತಿ ವಿಜಾಪುರಕ್ಕೆ ಹೋಯಿತು.

ಕಾಕಾನಿಗೆ ತಾಲ್ಲೂಕು ಬೇರೆ, ಕ್ಷೇತ್ರ ಬೇರೆ ಎಂಬುದು ಹೊಸದಲ್ಲ. ನಾಗರಮುನ್ನೋಳಿಯವರಿಗೆ ಇವತ್ತೂ ತಹಶೀಲ್ದಾರರು ಚಿಕ್ಕೋಡಿಯವರು, ಶಾಸಕರು ರಾಯಬಾಗದವರು. ಕಾಗವಾಡ, ನಿಪ್ಪಾಣಿ ಆಗಲೇ ಶಾಸಕರನ್ನು ಆರಿಸುತ್ತಿದ್ದವು, ಆದರೆ ಒಂದು ಅಥಣಿ ತಾಲ್ಲೂಕಿನಲ್ಲಿತ್ತು, ಇನ್ನೊಂದು ಚಿಕ್ಕೋಡಿ ತಾಲ್ಲೂಕಿನಲ್ಲಿ. ಅವು ತಾಲ್ಲೂಕಾದದ್ದು ಹತ್ತು ವರ್ಷದ ಮೇಲೆ.

“ಈ ಗೆರಿ ಹೊಡದವ್ರು ಯಾರು? ಎಮ್ಮೆಲ್ಲೆಗೋಳು?”

“ಅಲ್ಲ ಕಾಕಾ. ನಿವೃತ್ತ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಆಯೋಗ. 2001ರ ಜನಗಣತಿ ಮ್ಯಾಲೆ ಮಾಡ್ಯಾರ. ಶಾಸಕರು ಜೋಡಿ ಕೂತು ಮಾತಾಡಬಹುದು, ಓಟು ಹಾಕೂ ಹಂಗಿಲ್ಲ.”

ತರಗತಿಯಲ್ಲಿ ಹೇಳುವ ಅಮೆರಿಕದ ಸಂಗತಿಯನ್ನೂ ಹೇಳಿದೆ. ಅಲ್ಲಿ ಅನೇಕ ರಾಜ್ಯಗಳಲ್ಲಿ ಶಾಸಕರೇ ಗೆರೆ ಎಳೆಯುತ್ತಾರೆ. 1812ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಎಲ್ಬ್ರಿಜ್ ಗೆರ್ರಿ ಸಹಿ ಹಾಕಿದ ವಿಂಗಡಣೆಯಲ್ಲಿ ಒಂದು ಕ್ಷೇತ್ರ ಹಲ್ಲಿಯಂಥ ಸಾಲಮಾಂಡರ್ ಪ್ರಾಣಿಯ ಹಾಗೆ ಸೊಟ್ಟಗೆ ಚಾಚಿಕೊಂಡಿತ್ತು. ಗೆದ್ದವರು ತಮಗೆ ಬೇಕಾದ ಮತದಾರರನ್ನು ಹೆಕ್ಕಿಕೊಳ್ಳುವ ಈ ಕೆಲಸಕ್ಕೆ ಅವರ ಹೆಸರೇ ಅಂಟಿ ‘ಜೆರ್ರಿಮ್ಯಾಂಡರಿಂಗ್’ ಆಯಿತು. ನಮ್ಮ ಪದ್ಧತಿ ಅದಕ್ಕಿಂತ ಎಷ್ಟೋ ಮೇಲು ಎಂದು ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ.

ಕಾಕಾ ಹುಟ್ಟಿನಿಂದ ನೊರೆ ಸರಿಸಿ, ಒಂದು ಹನಿ ಪಾಕ ನೀರಿಗೆ ಬಿಟ್ಟು, ಬೆರಳಿನಲ್ಲಿ ಉಂಡೆ ಕಟ್ಟಿ ನೋಡಿದ. ಇನ್ನೂ ಹದ ಬಂದಿರಲಿಲ್ಲ.

“ಹಂಗಾರ ನಮ್ಮನ್ನ ಯಾಕ ಕೇಳಲಿಲ್ಲ?”

“ಕೇಳಿದ್ರು. ಕರಡು ಪೇಪರಿನ್ಯಾಗ ಬಂದಿತ್ತು. ತಕರಾರು ಹೇಳಾಕ ಬಹಿರಂಗ ಸಭಾನೂ ಇಟ್ಟಿದ್ರು.”

“ನಿನಗ ಗೊತ್ತಿತ್ತು?”

“ಗೊತ್ತಿತ್ತು.”

“ಊರಾಗ ಯಾರಿಗರೆ ಹೇಳಿದ್ಯಾ?”

ನನ್ನ ಬಾಯಿ ಕಟ್ಟಿತು. ಪೇಪರು ಓದಿ ಮಡಚಿ ಇಟ್ಟಿದ್ದೆ, ಅಷ್ಟೇ. ಹೇಳಿದ್ದರೆ ಎರಡು ಕ್ಷೇತ್ರ ಉಳಿಯುತ್ತಿದ್ದವು ಎಂದಲ್ಲ. ಆದರೆ ಹೇಳುವ ಹೊತ್ತಿನಲ್ಲಿ ಊರಿಗೆ ಊರೇ ಸುಮ್ಮನಿತ್ತು, ಅದರಲ್ಲಿ ನನ್ನ ಪಾಲಿತ್ತು. ಕಾಕಾ ಬೈಯಲಿಲ್ಲ. ಮತ್ತೊಂದು ತೆಕ್ಕೆ ರವದಿ ಒಲೆಗೆ ದೂಡಿದ.

ಮೇ 22ಕ್ಕೆ ಮತದಾನ. ಹೊಸ ಗಡಿಗಳ ಮೇಲೆ ಮೊದಲು ಮತ ಹಾಕಿದ ರಾಜ್ಯ ನಮ್ಮದೇ. ಕಾಕಾ ಅದೇ ಸಾಲಿಯ ಅದೇ ಖೋಲಿಗೆ ಹೋಗಿ ಮತ ಹಾಕಿ ಬಂದ. ಅವನೀಗ ಇಲ್ಲ.

ಪುನರ್ವಿಂಗಡಣೆಯ ಮಾತು ಈಗ ಮತ್ತೆ ಎದ್ದಿದೆ. ಕರಡು ಪತ್ರಿಕೆಯಲ್ಲಿ ಬಂದ ದಿನ ಅದನ್ನು ಮಡಚಿ ಇಡಬೇಡಿ. ಕಟ್ಟೆಯ ಮೇಲೆ ನಾಲ್ಕು ಮಂದಿಯನ್ನು ಕೂಡಿಸಿ, ನಿಮ್ಮೂರ ಹೆಸರು ಯಾವ ಕ್ಷೇತ್ರದಲ್ಲಿ ಬಂದಿದೆ ಎಂದು ಗಟ್ಟಿಯಾಗಿ ಓದಿ ಹೇಳಿ.